ಓಪನ್ ಮಾಡಿದ ದಿನ

ಅವರ ನೆನಪಿನ ಸಭೆಯಲ್ಲಿ ಎಲ್ಲರೂ ಅವರನ್ನು ಮೊದಲ ದಿನದಿಂದಲೇ ನಂಬಿದ್ದವರ ಹಾಗೆ ಮಾತಾಡಿದರು. ನನಗೆ ಒಳಗೊಳಗೇ ಸಿಟ್ಟು ಬಂತು. ಆ ಹಾಲಿನಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಒಂದು ಕಾಲಕ್ಕೆ ಅವರು ಬರುವುದು ಕಂಡರೆ ತಟ್ಟೆ ಹಿಡಿದುಕೊಂಡು ಇನ್ನೊಂದು ಟೇಬಲ್ಲಿಗೆ ಓಡಿದವರೇ. ನಾನಂತೂ ಎರಡು ವರ್ಷಕ್ಕೂ ಹೆಚ್ಚು ಕಾಲ ಅವರನ್ನು ಮೋಸಗಾರ ಅಂತಲೇ ತಿಳಿದಿದ್ದೆ. ಮೈಕು ನನ್ನ ಕೈಗೆ ಬಂದಾಗ ಅದನ್ನು ಹೇಳುವ ಧೈರ್ಯವಾಗಲಿಲ್ಲ. "ತುಂಬ ಒಳ್ಳೆಯವರು" ಎಂದು ಎರಡು ಪದ ಹೇಳಿ ಕೂತುಬಿಟ್ಟೆ. ಆ ಸಂಕೋಚಕ್ಕೇ ಈಗ ಬರೆಯುತ್ತಿದ್ದೇನೆ.

ಅಮೆರಿಕದ ಜರ್ಮನ್‌ಟೌನಿನಲ್ಲಿ ನಮ್ಮ ಕನ್ನಡದವರ ಮಕ್ಕಳು ಅವರಿಗೆ ಟೇಪ್ ಅಂಕಲ್ ಎಂದು ಹೆಸರಿಟ್ಟಿದ್ದರು. ಅಂಗಿಯ ಜೇಬಿನಲ್ಲಿ ಸದಾ ಒಂದು ಸುರುಳಿ ಬಿಳಿ ಟೇಪು, ಪಕ್ಕದಲ್ಲಿ ಒಂದು ಕಪ್ಪು ಮಾರ್ಕರ್. ಸರ್ಕಾರದ ಯಾವುದೋ ಲ್ಯಾಬಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದವರು. ಲ್ಯಾಬ್ ಬಿಟ್ಟರೂ ಲೇಬಲ್ ಬಿಡಲಿಲ್ಲ. ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಕ್ಕೆ ತರುವ ಚಿತ್ರಾನ್ನದ ಡಬ್ಬಿಯ ಮೇಲೂ ಎರಡು ಸಾಲು ಇರುತ್ತಿತ್ತು: "ಮಾಡಿದ್ದು", ಅದರ ಮುಂದೆ ದಿನ, ಗಂಟೆ. "ಓಪನ್ ಮಾಡಿದ್ದು", ಅದರ ಮುಂದೆ ಖಾಲಿ. ಯಾರಾದರೂ ಮುಚ್ಚಳ ತೆಗೆದ ಕೂಡಲೆ ಎಲ್ಲಿದ್ದರೂ ಓಡಿ ಬಂದು ಆ ಖಾಲಿ ಜಾಗ ತುಂಬುತ್ತಿದ್ದರು. ತಿಂಗಳನ್ನು ಮಾತ್ರ ಯಾವತ್ತೂ ಅಂಕಿಯಲ್ಲಿ ಬರೆಯುತ್ತಿರಲಿಲ್ಲ, ಅಕ್ಷರದಲ್ಲೇ. ಅಂಕಿಯಲ್ಲಿ ಬರೆದರೆ ಇಲ್ಲಿನವರು ತಿಂಗಳನ್ನು ಮೊದಲು ಓದುತ್ತಾರೆ, ನಾವು ದಿನವನ್ನು ಮೊದಲು ಓದುತ್ತೇವೆ, ಆ ಗಲಿಬಿಲಿಯಲ್ಲಿ ತಮ್ಮ ಲ್ಯಾಬಿನಲ್ಲಿ ಒಮ್ಮೆ ಚೆನ್ನಾಗಿದ್ದ ಬಾಟಲಿಯನ್ನು ಚೆಲ್ಲಿ ಕೆಟ್ಟಿದ್ದನ್ನು ಇಟ್ಟುಕೊಂಡಿದ್ದರು ಎಂದು ನೂರು ಸಲ ಹೇಳಿದ್ದರು.

"ಮಾಡಿದ ದಿನ ಯಾರು ಬೇಕಾದ್ರೂ ಬರೀತಾರಮ್ಮ. ಓಪನ್ ಮಾಡಿದ ದಿನ ಬರೆಯೋದನ್ನ ಮರೀತಾರೆ," ಎನ್ನುವುದು ಅವರ ಖಾಯಂ ಮಾತು.

ನಾನು ಔಷಧಿ ತಯಾರಿಸುವ ಕಂಪನಿಗಳಲ್ಲಿ ಕ್ವಾಲಿಟಿ ವಿಭಾಗದವಳು. ಯಾರೋ ಮಾಡಿಟ್ಟ ಕೆಲಸವನ್ನು ಅನುಮಾನದಿಂದ ನೋಡುವುದಕ್ಕೇ ನನಗೆ ಸಂಬಳ. ಅಭ್ಯಾಸ ಮನೆಗೂ ಬಂದಿದೆ ಎಂದು ನನ್ನ ಗಂಡ ಹೇಳುತ್ತಾನೆ. ಆದರೆ ಈ ವಿಷಯದಲ್ಲಿ ಅನುಮಾನಕ್ಕೆ ಕಾರಣವಿತ್ತು. ಅಮೆರಿಕಕ್ಕೆ ಬಂದ ಹೊಸದರಲ್ಲಿ ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುತ್ತಿದ್ದಾಗ ಒಬ್ಬ ಹೆಂಗಸು "ಮೈಸೂರಿನವರಾ?" ಎಂದು ನಕ್ಕು ಮಾತಾಡಿಸಿದ್ದಳು. ಊರಿನವರು ಸಿಕ್ಕರಲ್ಲ ಎಂದು ನನಗೆ ಕಣ್ಣಲ್ಲಿ ನೀರೇ ಬಂದಿತ್ತು. ಮೂರನೇ ವಾರ ಮನೆಗೆ ಕರೆದು, ಕಾಫಿ ಕೊಟ್ಟು, ಅವಳ ಗಂಡ ಕಾಗದದ ಮೇಲೆ ತ್ರಿಕೋನ ಬರೆದು ಇನ್ಶೂರೆನ್ಸ್ ಮಾರಲು ಕೂತ. ಅವತ್ತಿನಿಂದ ಪರಿಚಯವಿಲ್ಲದ ಕನ್ನಡಿಗರು ನಕ್ಕರೆ ನಾನು ಮೊದಲು ಪರ್ಸು ಮುಟ್ಟಿ ನೋಡಿಕೊಳ್ಳುತ್ತೇನೆ.

ಹಾಗಾಗಿ ಕೋವಿಡ್ ಮಧ್ಯೆ ಪಾರ್ಕಿನಲ್ಲಿ ಮಾಸ್ಕು ಹಾಕಿಕೊಂಡು ಮಾಡಿದ ಯುಗಾದಿಯಲ್ಲಿ ಈ ಮುದುಕರು ನನ್ನ ಹತ್ತಿರ ಬಂದು, ಹೆಸರು ಕೇಳದೆ, ಊರು ಕೇಳದೆ, "ನಿಮ್ಮ ರಾಥ್ ಐಆರ್‌ಎ ಯಾವ ವರ್ಷ ಓಪನ್ ಮಾಡಿದ್ರಿ?" ಎಂದಾಗ ನನ್ನ ಕಿವಿ ನೆಟ್ಟಗಾಯಿತು.

"ನಂದು ಆಫೀಸಿನ ರಾಥ್ ಇದೆ ಅಂಕಲ್."

"ಆಫೀಸಿಂದು ಬೇರೆ, ಸ್ವಂತದ್ದು ಬೇರೆ. ನೂರು ಡಾಲರ್ ಹಾಕಿ ಓಪನ್ ಮಾಡಿಬಿಡಿ. ಗಡಿಯಾರ ಓಡೋಕೆ ಶುರುವಾಗ್ಲಿ."

"ನೀವು ಯಾವ ಕಂಪನಿ ಅಂಕಲ್?"

"ನಾನಾ? ರಿಟೈರ್ಡ್."

"ಕಾರ್ಡ್ ಇದ್ದರೆ ಕೊಡಿ, ಆಮೇಲೆ ಕಾಲ್ ಮಾಡ್ತೀನಿ."

"ಕಾರ್ಡು ಎಂಥದು? ಇಲ್ಲ."

ಕಾರ್ಡು ಇಟ್ಟುಕೊಂಡ ಏಜೆಂಟನನ್ನು ತಪ್ಪಿಸಿಕೊಳ್ಳುವುದು ಗೊತ್ತಿತ್ತು. ಕಾರ್ಡೇ ಇಲ್ಲದವನು ಇನ್ನೂ ದೊಡ್ಡ ಆಸಾಮಿ ಇರಬೇಕೆಂದು ನಾನು, ನನ್ನ ಗಂಡ ದಾರಿಯುದ್ದಕ್ಕೂ ಮಾತಾಡಿಕೊಂಡು ಮನೆಗೆ ಹೋದೆವು.

ಅವರು ಹೇಳುತ್ತಿದ್ದುದು ಏನೆಂದು ಓದುಗರಿಗೆ ಹೇಳಬೇಕು. ರಾಥ್ ಎಂದರೆ ತೆರಿಗೆ ಕಟ್ಟಿ ಉಳಿದ ಸಂಬಳದಿಂದ ಮುಪ್ಪಿಗೆ ಕೂಡಿಡುವ ಹಣ. ಹಾಕುವಾಗಲೇ ತೆರಿಗೆ ಕಟ್ಟಿರುವುದರಿಂದ ತೆಗೆಯುವಾಗ ಕಟ್ಟಬೇಕಿಲ್ಲ, ಅದು ಬೆಳೆದ ಲಾಭಕ್ಕೂ ಇಲ್ಲ. ಆದರೆ ಲಾಭದ ಪಾಲಿಗೆ ಎರಡು ಷರತ್ತು: ವಯಸ್ಸು ಅರವತ್ತರ ಹತ್ತಿರ ಬಂದಿರಬೇಕು, ಖಾತೆ ಶುರುವಾಗಿ ಐದು ವರ್ಷ ಆಗಿರಬೇಕು. ಕೆಲಸ ಬಿಟ್ಟಾಗ ಆಫೀಸಿನ ರಾಥನ್ನು ಸ್ವಂತದ ರಾಥ್ ಖಾತೆಗೆ, ಅಂದರೆ ಐಆರ್‌ಎಗೆ, ತೆರಿಗೆಯಿಲ್ಲದೆ ಸಾಗಿಸಬಹುದು. ಹಣ ಬರುತ್ತದೆ, ಆಫೀಸಿನಲ್ಲಿ ಕಳೆದ ವರ್ಷಗಳು ಮಾತ್ರ ಜೊತೆಗೆ ಬರುವುದಿಲ್ಲ. ಸ್ವಂತದ ಖಾತೆ ಯಾವ ವರ್ಷ ತೆರೆದಿರೋ ಆ ವರ್ಷದಿಂದಲೇ ಐದರ ಎಣಿಕೆ. ಅದಕ್ಕೇ ಅವರು ಸಿಕ್ಕಸಿಕ್ಕವರಿಗೆ ಈಗಲೇ ನೂರು ಡಾಲರ್ ಹಾಕಿ ಓಪನ್ ಮಾಡಿ ಎಂದು ಪೀಡಿಸುತ್ತಿದ್ದುದು. ಇದು ನನಗೆ ಈಗ ಗೊತ್ತು. ಆಗ ನನಗೆ ಕಂಡದ್ದು, ಗಂಡ ಹೆಂಡಿರ ನಡುವೆ ಬಂದು ಕೂತು ಹುಟ್ಟಿದ ತಾರೀಖು ಕೇಳುವ ಒಬ್ಬ ಮುದುಕರು.

ಅನುಮಾನಕ್ಕೆ ಇನ್ನೂ ಗಟ್ಟಿ ಆಧಾರ ಒಂದು ದಿನ ದೇವಸ್ಥಾನದ ನೆಲಮಾಳಿಗೆಯ ಅಡುಗೆಮನೆಯಲ್ಲಿ ಸಿಕ್ಕಿತು. ಗಂಡ ತೀರಿಕೊಂಡು ಆರು ತಿಂಗಳೂ ಆಗದ ಒಬ್ಬ ಆಂಟಿ ಸ್ಟೀಲ್ ಮೇಜಿನ ಮೇಲೆ ಕಾಗದಕ್ಕೆ ಸಹಿ ಹಾಕುತ್ತಿದ್ದರು. ಪಕ್ಕದಲ್ಲಿ ನಿಂತ ಟೇಪ್ ಅಂಕಲ್ ಬೆರಳಿಟ್ಟು "ಇಲ್ಲಿ, ಇಲ್ಲಿ" ಎಂದು ತೋರಿಸುತ್ತಿದ್ದರು. ಸಹಿಯಾದ ಮೇಲೆ ಕಾಗದಗಳನ್ನು ಲಕೋಟೆಗೆ ಹಾಕಿ ಟೇಪು ಅಂಟಿಸಿ ತಾವೇ ತೆಗೆದುಕೊಂಡು ಹೋದರು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಅಲ್ಲೇ ಇದ್ದೆ. ಆಂಟಿಯನ್ನು ಎಚ್ಚರಿಸಬೇಕು ಅನ್ನಿಸಿತು, ಆದರೂ ಪಾತ್ರೆ ಒರೆಸಿಟ್ಟು ಹೊರಟುಬಿಟ್ಟೆ. ಮನೆಗೆ ಬಂದು ಟೇಪ್ ಅಂಕಲ್‌ರ ನಿಜ ಹೆಸರಲ್ಲಿ ಏಜೆಂಟ್ ಲೈಸೆನ್ಸ್ ಇದೆಯೇ ಎಂದು ಕಂಪ್ಯೂಟರಿನಲ್ಲಿ ಹುಡುಕಿದೆ. ಇರಲಿಲ್ಲ. ಲೈಸೆನ್ಸೂ ಇಲ್ಲದೆ ಮಾಡುತ್ತಿದ್ದಾರೆ ಎಂದು ತೀರ್ಮಾನಿಸಿದೆ.

ಅಷ್ಟರಲ್ಲಿ ನನ್ನ ಕೆಲಸ ಹೋಯಿತು. ಕೋವಿಡ್‌ನ ಆರ್ಡರುಗಳು ನಿಂತ ಮೇಲೆ ನಮ್ಮೂರಿನ ಟೂ-ಸೆವೆಂಟಿ ಹೆದ್ದಾರಿಯ ಎರಡೂ ಬದಿಯ ಔಷಧಿ ಕಂಪನಿಗಳು ಒಂದರ ಹಿಂದೆ ಒಂದು ಜನರನ್ನು ಕೆಲಸದಿಂದ ಕಳಿಸುತ್ತಿದ್ದವು. ವೀಸಾದ ಮೇಲಿದ್ದ ನಮಗೆ ಕೆಲಸ ಹೋದರೆ ಅರವತ್ತು ದಿನದ ಗಡುವು, ಅಷ್ಟರಲ್ಲಿ ಇನ್ನೊಂದು ಕೆಲಸ ಸಿಗದಿದ್ದರೆ ಗಂಟು ಕಟ್ಟಬೇಕು. ಗಂಡನ ವೀಸಾ ನನ್ನ ವೀಸಾದ ಬಾಲ. ಮಗಳು ಐದನೇ ಕ್ಲಾಸು. ಒಂಬತ್ತು ವರ್ಷ ಆ ಆಫೀಸಿನ ರಾಥ್‌ಗೆ ಹಾಕಿದ್ದೇ ನಮ್ಮ ಕೈಯಲ್ಲಿದ್ದ ದೊಡ್ಡ ಗಂಟು. ಈ ದೇಶದಲ್ಲಿ ಇರುತ್ತೇವೋ ಇಲ್ಲವೋ, ಅದನ್ನಾದರೂ ಕಳೆದುಕೊಳ್ಳದೆ ಸ್ವಂತದ ಖಾತೆಗೆ ಸಾಗಿಸಬೇಕಿತ್ತು.

ಸುದ್ದಿ ಟೇಪ್ ಅಂಕಲ್‌ಗೆ ಹೇಗೆ ಹೋಯಿತೋ, ಫೋನು ಬಂತು. ನಾನು ಸ್ಪೀಕರಿಗೆ ಹಾಕಿದೆ, ಗಂಡನೂ ಕೇಳಲಿ ಎಂದು.

"ನೋಡಮ್ಮ, ಒಂದೇ ಒಂದು ಮಾತು ಹೇಳ್ತೀನಿ. ಚೆಕ್ಕು ನಿನ್ನ ಹೆಸರಿಗೆ ಬರಬಾರದು."

ಗಂಡ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

"ಮತ್ತೆ ಯಾರ ಹೆಸರಿಗೆ ಬರಬೇಕು ಅಂಕಲ್?"

"ಹೊಸ ಖಾತೆ ಇಡ್ತಾರಲ್ಲ, ಆ ಕಂಪನಿ ಹೆಸರಿಗೆ. ನಿನ್ನ ಹೆಸರು ಕೆಳಗಡೆ ಸಣ್ಣದಾಗಿ ಇರುತ್ತೆ, ಇವರ ಸಲುವಾಗಿ ಅಂತ. ಯಾವ ಕಂಪನಿ ಅಂತ ನಾನು ಬೇಕಾದ್ರೆ ಹೇಳ್ತೀನಿ..."

"ಆಯ್ತು ಅಂಕಲ್, ಥ್ಯಾಂಕ್ಸ್," ಎಂದು ಇಟ್ಟುಬಿಟ್ಟೆ.

"ದುಡ್ಡು ನಮ್ಮದು, ಹೆಸರು ಇನ್ಯಾರದ್ದೋ. ಎಷ್ಟು ಓಪನ್ನಾಗಿ ಕೇಳ್ತಾರೆ ನೋಡು!" ಎಂದ ಗಂಡ. ಎರಡು ವರ್ಷ ಕಾದಿದ್ದ ಹಾವು ಕೊನೆಗೂ ಹೆಡೆ ಬಿಚ್ಚಿತು ಎಂದು ನನಗೆ ಒಂದು ರೀತಿ ಖುಷಿಯೇ ಆಯಿತು. ಮರುದಿನ ಆಫೀಸಿನ ರಾಥ್ ಇಟ್ಟುಕೊಂಡಿದ್ದ ಕಂಪನಿಗೆ ನಾನೇ ಫೋನ್ ಮಾಡಿ, ಚೆಕ್ಕು ನನ್ನ ಹೆಸರಿಗೇ, ನನ್ನ ಮನೆಗೇ ಬರಬೇಕು ಎಂದು ಹೇಳಿದೆ. ಆ ಕಡೆಯ ಹುಡುಗಿ "ನಿಜವಾಗಲೂ ಹಾಗೇ ಬೇಕಾ?" ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಹೌದು ಎಂದೆ, ಅದೂ ಜೋರಾಗಿ.

ಮೂರು ವಾರದ ಮೇಲೆ ಚೆಕ್ಕು ಬಂತು. ಲಾಭದ ಪಾಲಿನಲ್ಲಿ ಐದರಲ್ಲೊಂದು ಭಾಗ ತೆರಿಗೆಗೆಂದು ಮೊದಲೇ ಮುರಿದುಕೊಂಡಿದ್ದರು. ನನ್ನ ಹೆಸರಿಗೆ ತರಿಸಿಕೊಂಡಿದ್ದಕ್ಕೆ ಅದು ಮೊದಲ ಏಟು. ಜೊತೆಗಿದ್ದ ಕಾಗದದಲ್ಲಿ ಅರವತ್ತು ದಿನದೊಳಗೆ ಹೊಸ ಖಾತೆಗೆ ಹಾಕಬೇಕು ಎಂದಿತ್ತು. ಅರವತ್ತು ಎಂಬ ಅಂಕಿ ನನಗೆ ಆಗಲೇ ಬಾಯಿಪಾಠ. ಫ್ರಿಜ್ಜಿನ ಮೇಲೆ ಅಂಟಿಸಿದ ಕಾಗದದಲ್ಲಿ ವೀಸಾದ ಅರವತ್ತನ್ನು ದಿನಾ ಒಂದೊಂದಾಗಿ ಹೊಡೆದು ಹಾಕುತ್ತಿದ್ದೆ. ಇದೂ ಅದರಲ್ಲೇ ಸೇರಿಕೊಂಡಿತು. ಚೆಕ್ಕನ್ನು ಬ್ಯಾಂಕಿಗೆ ಹಾಕಿ, ಕಾಗದವನ್ನು ಡ್ರಾಯರಿಗೆ ಹಾಕಿ, ಇಂಟರ್‌ವ್ಯೂಗಳ ಹಿಂದೆ ಬಿದ್ದೆ.

ಐವತ್ತೊಂದನೇ ದಿನ ಕೆಲಸ ಸಿಕ್ಕಿತು. ಹೊಸ ಕಂಪನಿಯವರು ಗಡುವಿಗೆ ಮೊದಲೇ ವೀಸಾದ ಅರ್ಜಿ ಕಳಿಸಿದರು. ಆ ಸಂಜೆ ನಾನು ಫ್ರಿಜ್ಜಿನ ಮೇಲಿನ ಕಾಗದವನ್ನು ಹರಿದು ಚೂರು ಮಾಡಿ ಕಸಕ್ಕೆ ಹಾಕಿದೆ. ಮಗಳು "ಅಮ್ಮ, ಸೋ ವಿ ಆರ್ ಸ್ಟೇಯಿಂಗ್?" ಎಂದು ಮೂರು ಸಲ ಕೇಳಿದಳು. ಅರವತ್ತು ಮುಗಿಯಿತು ಎಂದು ಹೊಟ್ಟೆ ತಣ್ಣಗಾಯಿತು. ಚೆಕ್ಕಿನ ಅರವತ್ತು ಬೇರೆ, ಅದು ಚೆಕ್ಕು ಕೈಗೆ ಬಂದ ದಿನದಿಂದ ಓಡುತ್ತಿದೆ, ಇನ್ನೂ ಓಡುತ್ತಲೇ ಇದೆ ಎನ್ನುವುದು ತಲೆಯಿಂದಲೇ ಹೋಗಿತ್ತು. ವೀಸಾದ ಮೇಲೆ ಬದುಕುವವರಿಗೆ ಮಾತ್ರ ಆಗುವ ಮರೆವು ಅದು.

ಮೂರು ವಾರ ಕಳೆದು ಒಂದು ಭಾನುವಾರ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ಟೇಪ್ ಅಂಕಲ್ ನನ್ನ ಹಿಂದೆಯೇ ನಿಂತಿದ್ದರು. "ಕೆಲಸ ಸಿಕ್ತಂತೆ, ಸಂತೋಷ. ಚೆಕ್ಕು ಬಂದ ದಿನ ಯಾವುದು?"

ಗೊತ್ತಿರಲಿಲ್ಲ. ಪ್ರತಿ ಬಾಟಲಿಯ ಮೇಲೆ ದಿನ ಬರೆದಿದ್ದಾರಾ ಎಂದು ಊರವರನ್ನೆಲ್ಲ ಬೈಯುವ ನಾನು, ನನ್ನ ಒಂಬತ್ತು ವರ್ಷದ ದುಡಿಮೆ ಬಂದ ದಿನವನ್ನೇ ಬರೆದಿಟ್ಟಿರಲಿಲ್ಲ.

"ಕವರು ಇದೆಯಾ? ಎಸೀಬೇಡ. ನಾಳೆ ಬೆಳಿಗ್ಗೆ ಬರ್ತೀನಿ," ಎಂದರು. ಬೇಡ ಎನ್ನುವಷ್ಟರಲ್ಲಿ ಸಾಲು ಮುಂದೆ ಹೋಗಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಬಂದರು. ಡ್ರಾಯರಿನಿಂದ ಕವರು ಹುಡುಕಿ ಕೊಟ್ಟೆ. ಅಂಚೆಯ ಮುದ್ರೆ ನೋಡಿ, ಬ್ಯಾಂಕಿಗೆ ಹಾಕಿದ ದಿನ ನೋಡಿ, ಬೆರಳು ಮಡಚಿ ಎಣಿಸಿ, ಎರಡು ಬಾರಿ ಎಣಿಸಿ, "ಒಂಬತ್ತು ದಿನ ಇದೆ" ಎಂದರು. "ದಾಟಿದ್ರೆ ಮತ್ತೆ ಒಳಗೆ ಹಾಕೋ ಹಾಗಿಲ್ಲ. ಲಾಭಕ್ಕೆ ತೆರಿಗೆ, ಅದರ ಮೇಲೆ ದಂಡ. ಮುರ್ಕೊಂಡಿದ್ದಾರಲ್ಲ, ಅಷ್ಟನ್ನ ನಿನ್ನ ಕೈಯಿಂದ ಸೇರಿಸಿ ಪೂರ್ತಿ ಹಾಕು. ಮುರ್ಕೊಂಡಿದ್ದು ಟ್ಯಾಕ್ಸ್ ಫೈಲ್ ಮಾಡಿದಾಗ ವಾಪಸ್ ಬರುತ್ತೆ." ಆಮೇಲೆ ತಲೆ ಅಲ್ಲಾಡಿಸಿ, "ಆ ಯುಗಾದಿ ದಿನ ನೂರು ಡಾಲರ್ ಹಾಕಿದ್ದಿದ್ರೆ ಎರಡು ವರ್ಷ ಆಗಲೇ ಕಳೆದಿರ್ತಿತ್ತಲ್ಲಮ್ಮ" ಎಂದರು.

ಎರಡು ತಿಂಗಳ ಭಯ, ನಾಚಿಕೆ ಎಲ್ಲ ಸೇರಿ ನನಗೆ ರೇಗಿತು. "ಅಂಕಲ್, ನಿಮಗೇನು ಸಿಗುತ್ತೆ ಇದ್ರಲ್ಲಿ? ನಮ್ಮ ದುಡ್ಡಿನ ಮೇಲೆ ನಿಮಗ್ಯಾಕೆ ಇಷ್ಟು ಆಸಕ್ತಿ?"

ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಜೇಬಿನಿಂದ ಟೇಪಿನ ಸುರುಳಿ ತೆಗೆದು, ಅದರ ತುದಿಯನ್ನು ಉಗುರಿನಿಂದ ಎಬ್ಬಿಸಿ, ಮತ್ತೆ ಅಂಟಿಸಿ, ಮತ್ತೆ ಎಬ್ಬಿಸಿದರು.

"ನನ್ನ ಹೆಂಡ್ತಿ ಆಸ್ಪತ್ರೇಲಿ ಕೆಲಸ ಮಾಡ್ತಿದ್ಲು," ಎಂದರು. "ಅವಳದೂ ಆಫೀಸಿನ ರಾಥ್ ಇತ್ತು, ಮೂರು ವರ್ಷದ್ದು. ರಿಟೈರ್ ಆದಾಗ ನಾನೇ ಹೊಸ ಐಆರ್‌ಎ ಓಪನ್ ಮಾಡಿ ಅದಕ್ಕೆ ಸಾಗಿಸ್ದೆ. ಅಲ್ಲೇ ಬಿಟ್ಟಿದ್ರೆ ಇನ್ನೆರಡೇ ವರ್ಷ ಸಾಕಿತ್ತು. ಹೊಸದಾಗಿ ಐದು ಶುರುವಾಯ್ತು. ಅವಳಿಗೆ ಒಂದು ಆಸೆ. ಕ್ಯಾರೊಲೈನಾದಲ್ಲಿ ಸಮುದ್ರದ ಪಕ್ಕ ಒಂದು ಮನೆ ತಿಂಗಳ ಮಟ್ಟಿಗೆ ಬಾಡಿಗೆಗೆ ಹಿಡಿದು, ಮೈಸೂರಿಂದ ಅಕ್ಕ ತಂಗಿಯರನ್ನೆಲ್ಲ ಕರೆಸ್ಕೋಬೇಕು ಅಂತ. ನನ್ನ ದುಡ್ಡು ಕೊಡ್ತೀನಿ ಅಂದೆ. ಬೇಡ, ನಾನು ದುಡಿದಿದ್ರಲ್ಲೇ ಆಗ್ಬೇಕು ಅಂದ್ಲು. ಹಾಗಾದ್ರೆ ಐದು ವರ್ಷ ಆಗ್ಲಿ, ಸುಮ್ಮನೆ ತೆರಿಗೆ ಯಾಕೆ ಕಟ್ಟೋದು ಅಂದೆ. ಸರಿ ಅಂದ್ಲು. ನನ್ನ ಮಾತು ಕೇಳ್ತಿದ್ಲು ಅವಳು."

ಸುರುಳಿಯ ತುದಿಯನ್ನು ಮತ್ತೆ ಅಂಟಿಸಿದರು.

"ನಾಲ್ಕನೇ ವರ್ಷ ಹೋಗ್ಬಿಟ್ಲು. ಆಮೇಲೆ ಕಾಗದ ಎಲ್ಲ ತೆಗೆದು ನಿಯಮ ಪೂರ್ತಿ ಓದ್ದೆ. ನಾವು ಹಾಕಿದ ಅಸಲು ಮೊದಲು ಹೊರಗೆ ಬರುತ್ತಂತೆ, ಲಾಭ ಆಮೇಲೆ. ಅಸಲಿಗೆ ಐದು ವರ್ಷವೂ ಬೇಡ, ತೆರಿಗೆಯೂ ಇಲ್ಲ. ಅವಳ ಅಸಲೇ ಬೇಕಾದಷ್ಟು ಇತ್ತಮ್ಮ. ಯಾವತ್ತು ಬೇಕಾದ್ರೂ ತೆಗೀಬಹುದಿತ್ತು. ಕಾಯೋ ಅಗತ್ಯವೇ ಇರ್ಲಿಲ್ಲ."

ನನಗೆ ಅಳು ಬಂತು. ಗಂಡ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದ. ಅವರು ಮುಟ್ಟಲಿಲ್ಲ, "ಡ್ರೈವ್ ಮಾಡ್ಬೇಕು, ಬರ್ತೀನಿ" ಎಂದು ಎದ್ದರು.

ಇದನ್ನೂ ಬರೆದುಬಿಡುತ್ತೇನೆ. ಅಷ್ಟು ಅತ್ತ ನಾನೇ ಮರುದಿನ ಆ ಅಡುಗೆಮನೆಯ ಆಂಟಿಗೆ ಫೋನ್ ಮಾಡಿ, ಟೇಪ್ ಅಂಕಲ್ ನಿಮ್ಮಿಂದ ಏನಾದರೂ ತಗೊಂಡರಾ ಎಂದು ಕೇಳಿದೆ. ಗಂಡನ ಖಾತೆಗಳನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳುವುದು ಹೇಗೆಂದು ತಲೆ ಬುಡ ತಿಳಿಯದೆ ಕೂತಿದ್ದೆ, ಮೂರು ಭಾನುವಾರ ಬಂದು ಎಲ್ಲ ಬರೆದು, ಲಕೋಟೆಯನ್ನೂ ತಾವೇ ಪೋಸ್ಟ್ ಮಾಡಿದರು ಎಂದರು ಆಂಟಿ. "ನಿನಗ್ಯಾಕೆ ಈ ಪ್ರಶ್ನೆ ಬಂತು?" ಎಂದೂ ಕೇಳಿದರು. ಸುಮ್ಮನೆ ಎಂದೆ. ಕಥೆ ನಿಜವೋ ಎಂದು ಪರೀಕ್ಷೆ ಮಾಡಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆ.

ಉಳಿತಾಯವನ್ನೆಲ್ಲ ಕೆರೆದು, ಮುರಿದುಕೊಂಡಿದ್ದನ್ನು ಸೇರಿಸಿ, ಇನ್ನೆರಡು ದಿನ ಬಾಕಿ ಇರುವಾಗ ಹಣ ಪೂರ್ತಿ ಹೊಸ ಖಾತೆಗೆ ಹೋಯಿತು. ಕಾಗದ ತೋರಿಸಲು ಟೇಪ್ ಅಂಕಲ್ ಮನೆಗೆ ಹೋದೆ. ಫೈಲಿನ ಮೇಲೆ ಟೇಪು ಅಂಟಿಸಿ, ಓಪನ್ ಮಾಡಿದ ದಿನ ಬರೆದರು, ತಿಂಗಳನ್ನು ಅಕ್ಷರದಲ್ಲೇ. "ಲೆಕ್ಕಕ್ಕೆ ಈ ವರ್ಷದ ಜನವರಿ ಒಂದರಿಂದ" ಎಂದು ಕೆಳಗೆ ಸೇರಿಸಿದರು. ಅದರ ಕೆಳಗೆ ಇನ್ನೊಂದು ತುಂಡು ಟೇಪು ಅಂಟಿಸಿ ಬರೆದರು: "ಅಸಲು ಯಾವಾಗ ಬೇಕಾದರೂ ತೆಗೆಯಬಹುದು. ಕಾಯಬೇಡ."

ಅವರು ತೀರಿಕೊಂಡದ್ದು ಹೋದ ಚಳಿಗಾಲದಲ್ಲಿ. ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿರುವ ಅವರ ಮಗಳು ಬಂದಿದ್ದಳು. ಸಭೆ ಮುಗಿದ ಮೇಲೆ ಮನೆ ಖಾಲಿ ಮಾಡಲು ನೆರವಾಗಲೆಂದು ನಾನೂ ಹೋದೆ. ಫ್ರಿಜ್ಜು ತೆರೆದರೆ ಒಳಗೆಲ್ಲ ಬಿಳಿ ಟೇಪು: ಮೊಸರು, ಕೆಮ್ಮಿನ ಔಷಧಿ, ಅರ್ಧ ನಿಂಬೆಹಣ್ಣು. ಎಲ್ಲದರ ಮೇಲೂ ಎರಡೆರಡು ದಿನ. ಮಗಳು ಒಂದೊಂದೇ ಓದಿ ಕಸದ ಚೀಲಕ್ಕೆ ಹಾಕುತ್ತಿದ್ದಳು. ತೀರ ಹಿಂದುಗಡೆಯಿಂದ ಒಂದು ಗಾಜಿನ ಭರಣಿ ತೆಗೆದಳು.

"ಇದು ಸೇಫಾ? ಅಪ್ಪ ಇದನ್ನ ಯಾಕೆ ಥ್ರೋ ಮಾಡ್ಲಿಲ್ಲ?"

ನಿಂಬೆಕಾಯಿ ಉಪ್ಪಿನಕಾಯಿ, ಕಪ್ಪಗಾಗಿತ್ತು. ಮುಚ್ಚಳದ ಮೇಲೆ ಹೆಣ್ಣಿನ ಗುಂಡಗಿನ ಅಕ್ಷರದಲ್ಲಿ ಒಂದು ಚೀಟಿ. ಮಗಳು ಬೆರಳಿಟ್ಟುಕೊಂಡು ಕೂಡಿಸಿ ಓದಿದಳು. "ಬೀಚ್... ಮ... ಮನೆಗೆ. ಇದು ಅಮ್ಮನ ಹ್ಯಾಂಡ್‌ರೈಟಿಂಗ್. ಯಾವ ಬೀಚ್ ಮನೆ? ವಿ ನೆವರ್ ವೆಂಟ್."

ಭರಣಿಯ ಹೊಟ್ಟೆಯ ಮೇಲೆ ಅವರ ಟೇಪು. "ಮಾಡಿದ್ದು", ಅದರ ಮುಂದೆ ದಿನ. ಅವರ ಹೆಂಡತಿ ಹೋಗುವ ವರ್ಷಕ್ಕೂ ಹಿಂದಿನದು. "ಓಪನ್ ಮಾಡಿದ್ದು", ಅದರ ಮುಂದೆ ಖಾಲಿ. ಊರಿಗೆಲ್ಲ ಓಪನ್ ಮಾಡಿ, ಓಪನ್ ಮಾಡಿ ಎಂದು ಪೀಡಿಸಿದ ಮನುಷ್ಯ ಇದೊಂದನ್ನು ಮುಟ್ಟದೆ ಇಟ್ಟುಕೊಂಡಿದ್ದರು.

ನಾನು ಅವಳಿಗೆ ಎಲ್ಲ ಹೇಳಿದೆ. ಅವಳು ಫ್ರಿಜ್ಜಿನ ಬಾಗಿಲು ಹಾಕುವುದನ್ನೂ ಮರೆತು ನಿಂತಿದ್ದಳು. ಆಮೇಲೆ ಭರಣಿಯನ್ನು ನನ್ನ ಕೈಗೆ ಕೊಟ್ಟು, "ತೆಗೀರಿ" ಎಂದಳು.

ಮುಚ್ಚಳ ಬಿಗಿದುಹೋಗಿತ್ತು. ನಾನು ಭರಣಿ ಹಿಡಿದುಕೊಂಡೆ, ಅವಳು ತಿರುಗಿಸಿದಳು. ನನ್ನ ಅಭ್ಯಾಸ ಎಲ್ಲಿಗೆ ಹೋಗುತ್ತದೆ, ಮೊದಲು ಮೂಸಿ ನೋಡಿದೆ. ಕೆಟ್ಟಿರಲಿಲ್ಲ. ಸಭೆಯಲ್ಲಿ ಉಳಿದಿದ್ದ ಮೊಸರನ್ನವನ್ನು ಎರಡು ಪೇಪರ್ ತಟ್ಟೆಗೆ ಬಡಿಸಿ, ಒಂದೊಂದು ಹೋಳು ಹಾಕಿದೆ. ಅವಳು ತಿನ್ನುವ ಮೊದಲು ಮೇಜಿನ ಮೇಲಿದ್ದ ಅಪ್ಪನ ಕಪ್ಪು ಮಾರ್ಕರ್ ತೆಗೆದುಕೊಂಡು, ಆ ಖಾಲಿ ಜಾಗದಲ್ಲಿ ನಿಧಾನವಾಗಿ ಅವತ್ತಿನ ದಿನ ಬರೆದಳು. ನಾನು ಬಗ್ಗಿ ನೋಡಿದೆ, ತಿಂಗಳನ್ನು ಅಕ್ಷರದಲ್ಲಿ ಬರೆದಿದ್ದಾಳೋ ಇಲ್ಲವೋ ಎಂದು. ಬರೆದಿದ್ದಳು.